ದೋನಾ ಜುಯಿಲಾ ಮತ್ತು ನಾಲ್ಕು ಕಣ್ಣಿನ ಹುಡುಗ

ಮಕಪಾ ಊರಿನ ನದೀದಂಡೆಯಲ್ಲಿ ಭರತದ ನೀರು ಇಳಿಯುವ ಹೊತ್ತಾದರೆ ಜುಯಿಲಾ ನೇರಳೆ ಬಣ್ಣದ ಅಸಾಯಿ ಹಣ್ಣು ಅರೆದು ರಸ ತೆಗೆಯುವ ಯಂತ್ರ ನಿಲ್ಲಿಸುತ್ತಿದ್ದಳು. ಅಸಾಯಿ ಸಿಗುತ್ತದೆ ಎಂದು ತೋರಿಸಲು ಅಂಗಡಿಯ ಮುಂದೆ ಕಟ್ಟಿದ ಕೆಂಪು ಬಾವುಟ ಬಿಚ್ಚಿ ಮಡಚಿಡುತ್ತಿದ್ದಳು. ಎಷ್ಟು ತಿಕ್ಕಿ ತೊಳೆದರೂ ಉಗುರಿನ ಸಂದಿಯ ನೇರಳೆ ಬಣ್ಣ ಹೋಗುತ್ತಿರಲಿಲ್ಲ. ಆಮೇಲೆ ಅವಳು, ಚಿನ್ನದ ಗಣಿಗೆ ಹೋಗಿ ಅಲ್ಲೇ ಬೇರೆ ಸಂಸಾರ ಹೂಡಿದ ಗಂಡ ಬಿಟ್ಟುಹೋದ ಚಡ್ಡಿ ತೊಟ್ಟು, ಕೊರಳಿಗೆ ಸೀಟಿ ಹಾಕಿಕೊಂಡು, ಬರಿಗಾಲಲ್ಲಿ ನದಿಯ ಪಾತ್ರಕ್ಕೆ ಇಳಿಯುತ್ತಿದ್ದಳು. ನೀರು ಹಿಂದೆ ಸರಿದು ಬಿಟ್ಟುಕೊಟ್ಟ ಕೆಸರಿನಲ್ಲಿ ಹುಡುಗರು ಆಗಲೇ ಗೋಲುಕಂಬ ನೆಟ್ಟಿರುತ್ತಿದ್ದರು. ನೀರು ಮತ್ತೆ ಬರುವಷ್ಟರಲ್ಲಿ ಆಟ ಮುಗಿಯಬೇಕು. ಹಾಗಾಗಿ ಅಲ್ಲಿ ಯಾರಿಗೂ ವಾದಕ್ಕೆ ಪುರಸೊತ್ತಿರಲಿಲ್ಲ. ಇದ್ದರೂ ಜುಯಿಲಾ ಕೊಡುತ್ತಿರಲಿಲ್ಲ.

ಆ ಸೀಟಿ ಅವಳಿಗೆ ಸಿಕ್ಕಿದ್ದೇ ಒಂದು ಜಗಳದಲ್ಲಿ. ಹಿಂದಿನ ರೆಫರಿ ಒಬ್ಬ ಕ್ಷೌರಿಕ. ಒಂದು ಗೋಲು ಕೊಟ್ಟು, ವಾಪಸು ತಗೊಂಡು, ಮತ್ತೆ ಕೊಟ್ಟದ್ದಕ್ಕೆ ಎರಡೂ ತಂಡದವರು ಸೇರಿ ಅವನನ್ನು ಅಟ್ಟಿಸಿಕೊಂಡು ಹೋಗಿದ್ದರು. ಅವನು ಈಜಿ ಮೀನುದೋಣಿಯೊಂದನ್ನು ಹತ್ತಿಕೊಂಡು ಹೋದವನು ಆ ದಂಡೆಗೆ ಮತ್ತೆ ಬರಲಿಲ್ಲ. ತಲೆಯ ಮೇಲೆ ಸಿಗಡಿ ಬುಟ್ಟಿ ಹೊತ್ತು ಹೋಗುತ್ತಿದ್ದ ಜುಯಿಲಾ ಕೆಸರಿನಲ್ಲಿ ಬಿದ್ದಿದ್ದ ಸೀಟಿ ಎತ್ತಿ, ಸೆರಗಿನಂತೆ ಹೆಗಲಿಗೆ ಹಾಕಿಕೊಂಡಿದ್ದ ಬಟ್ಟೆಯಲ್ಲಿ ಒರೆಸಿ, ಜೋರಾಗಿ ಊದಿದಳು. ಎಲ್ಲರೂ ತಿರುಗಿ ನೋಡಿದರು.

"ಉಳಿದ ಆಟ ಆಡ್ತೀರೋ, ನೀರು ಬರೋ ತನಕ ಹೊಡೆದಾಡ್ತಾ ಇರ್ತೀರೋ? ಬೇಗ ಹೇಳಿ. ನನಗೆ ಸಿಗಡಿ ಮಾರೋದಿದೆ."

ಅವರು ಆಡಿದರು. ಅಂದಿನಿಂದ ಹೆಂಗಸರ ತೊರೆ ಎಂಬ ಆ ಕೇರಿಯಲ್ಲಿ ಕೆಸರಿನ ಆಟಕ್ಕೆ ಅವಳೇ ರೆಫರಿ. ಮೊದಮೊದಲು ಜನ ನಕ್ಕರು. ಆಮೇಲೆ ಬೈದರು. ರೆಫರಿಯನ್ನು ಬೈಯುವುದೆಂದರೆ ಒಪ್ಪಿಕೊಂಡಂತೆ ಎಂದು ಅವಳಿಗೆ ಗೊತ್ತಿತ್ತು. ಬೈಗುಳ ಶುರುವಾದ ದಿನ ಅವಳು ಖುಷಿಯಲ್ಲೇ ಮನೆಗೆ ಹೋದಳು.

ಒಜಿಯೆಲ್ ಅವಳ ತಂಗಿ ಮರ್ಲೂಸಿಯಾಳ ಮಗ. ಮರ್ಲೂಸಿಯಾ ಗಡಿಯಾಚೆಯ ಕಯೆನಾಕ್ಕೆ ಮನೆಗೆಲಸಕ್ಕೆಂದು ಹೊರಟಾಗ ಹುಡುಗನಿಗೆ ಇನ್ನೂ ಹಾಲುಹಲ್ಲು ಬೀಳುತ್ತಿತ್ತು. ಅವನ ಬಟ್ಟೆಗಂಟನ್ನು ಅಕ್ಕನ ಅಂಗಡಿಯ ಕಟ್ಟೆಯ ಮೇಲಿಟ್ಟು ಹೇಳಿದಳು:

"ಅಕ್ಕಾ, ಇವನಿಗೆ ಮಾತು ಕಮ್ಮಿ. ಹಸಿವಾದ್ರೂ ಬಾಯ್ಬಿಡಲ್ಲ. ನೀನೇ ನೋಡ್ಕೋಬೇಕು."

"ಹಸಿವಾದೋರು ಬಾಯಿ ಬಿಡೋದು ಬೇಡ, ಪಾತ್ರೆ ಮುಚ್ಚಳ ತೆಗೆದ್ರೆ ಸಾಕು. ಅದನ್ನ ನಾನು ಕಲಿಸ್ತೀನಿ, ನೀನು ಹೋಗಿ ಬಾ."

ಹುಡುಗ ಪಾತ್ರೆಯ ಮುಚ್ಚಳ ತೆಗೆಯುವುದನ್ನು ಕಲಿತ. ಹುರಿದ ಮೀನಿನ ಜೊತೆ ಅಸಾಯಿ, ಅದರ ಮೇಲೆ ಮರಗೆಣಸಿನ ಹುರಿಪುಡಿ ಉದುರಿಸಿಕೊಂಡು ತಿನ್ನುವುದರಲ್ಲಿ ದೊಡ್ಡವರನ್ನೂ ಮೀರಿಸಿದ. ಮೈಗೆ ಮಾತ್ರ ಏನೂ ಹತ್ತಲಿಲ್ಲ, ಕಡ್ಡಿಯಂತೆಯೇ ಉಳಿದ. ಕೆಸರಿನಲ್ಲಿ ಅದೇ ಅವನಿಗೆ ಅನುಕೂಲವಾಯಿತು. ದಪ್ಪಗಿನವರ ಕಾಲು ಹೂತುಕೊಳ್ಳುವ ಕಡೆ ಇವನು ಹಕ್ಕಿಯಂತೆ ಓಡಿಬಿಡುತ್ತಿದ್ದ. ಆದರೆ ಜನ ನಿಂತು ನೋಡುತ್ತಿದ್ದದ್ದು ಅವನ ಓಟವನ್ನಲ್ಲ. ಅವನು ತಲೆ ತಗ್ಗಿಸಿ ಚೆಂಡನ್ನು ನೋಡುತ್ತ ಹೋಗುತ್ತಿದ್ದಂತೆ ಕಾಣುತ್ತಿತ್ತು; ಇದ್ದಕ್ಕಿದ್ದಂತೆ ಚೆಂಡು ಬೆನ್ನ ಹಿಂದಿನಿಂದ ಓಡಿಬರುತ್ತಿದ್ದ ಜೊತೆಗಾರನ ಕಾಲಿಗೆ ಹೋಗಿ ಸೇರುತ್ತಿತ್ತು. ಅವನನ್ನು ಯಾವಾಗ ನೋಡಿದ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅವನಿಗೆ ಅಡ್ಡಹೆಸರಿಟ್ಟವನು ಸೆಯು ಬೆಂವಿಂದು; ಅಲ್ಲಿ ಹಿರಿಯ ಗಂಡಸರಿಗೆ ಸೆಯು, ಹೆಂಗಸರಿಗೆ ದೋನಾ ಎಂದು ಸೇರಿಸಿ ಕರೆಯುವುದು ವಾಡಿಕೆ. ಒಣಸಿಗಡಿ ವ್ಯಾಪಾರಿ, ಕೇರಿಯ ತಂಡದ ಯಜಮಾನ. ಬಾಯಿ ಮುಚ್ಚಿದ್ದನ್ನು ಯಾರೂ ಕಂಡವರಿಲ್ಲ.

"ಇವನು ತ್ರಲ್ಯೋತು ಕಣ್ರೋ," ಅಂದಿದ್ದ ಒಂದು ದಿನ. "ಚೆಂಡು ನೋಡೋಕೆ ಎರಡು ಕಣ್ಣು, ನಮ್ಮನ್ನ ನೋಡೋಕೆ ಬೇರೆ ಎರಡು ಕಣ್ಣು."

ತ್ರಲ್ಯೋತು ಆ ದಂಡೆಯ ಕದಡಿದ ನೀರಿನಲ್ಲಿ ಮೇಲುಮೇಲೇ ಈಜುವ ಮೀನು. ಅದರ ಒಂದೊಂದು ಕಣ್ಣೂ ಎರಡು ಪಾಲು. ಮೇಲಿನ ಪಾಲು ಆಕಾಶ ನೋಡಿದರೆ ಕೆಳಗಿನದು ನೀರೊಳಗೆ ನೋಡುತ್ತದೆ. ಹೆಸರು ಅಂಟಿಕೊಂಡಿತು. ಶಾಲೆಯ ಟೀಚರು ಕೂಡ ಹಾಜರಿ ಕೂಗುವಾಗ ಬಾಯಿತಪ್ಪಿ ಹಾಗೇ ಕರೆಯುತ್ತಿದ್ದರು.

ಜುಯಿಲಾ ಮಾತ್ರ ಒಂದು ದಿನವೂ ಅವನನ್ನು ಹೊಗಳಲಿಲ್ಲ. ಅವನು ಗೋಲು ಹೊಡೆದರೆ ಸೀಟಿ ಊದಿ, ನಡುಭಾಗದ ಕಡೆ ಕೈ ತೋರಿಸಿ, ಬೆನ್ನು ತಿರುಗಿಸುತ್ತಿದ್ದಳು. ಬೆನ್ನು ತಿರುಗಿಸಿದ ಮೇಲೆ ಮುಖದಲ್ಲಿ ಏನಿತ್ತು ಎಂದು ನೋಡಿದವನು ಬೆಂವಿಂದು ಒಬ್ಬನೇ. ಅವನು ಅದನ್ನು ಎಲ್ಲರಿಗೂ ಹೇಳಿಕೊಂಡು ತಿರುಗಿದ, ಯಾರೂ ನಂಬಲಿಲ್ಲ.

ಒಜಿಯೆಲ್‌ಗೆ ಮೀಸೆ ಚಿಗುರುವ ವರ್ಷ ನದಿಯಾಚೆಯ ದೊಡ್ಡ ನಗರ ಬೆಲೇಮ್‌ನ ಕ್ಲಬ್ಬೊಂದರಿಂದ ಹುಡುಗರನ್ನು ಆರಿಸಲು ಸೆಯು ಕಿರಿನು ಎಂಬ ಹಿರಿಯ ಬರುತ್ತಾನೆ, ಕೇರಿಗಳ ಫೈನಲ್ ಪಂದ್ಯ ನೋಡುತ್ತಾನೆ ಎಂದು ಸುದ್ದಿಯಾಯಿತು. ಜುಯಿಲಾ ಸೀಟಿ ತೆಗೆದು ಕಟ್ಟೆಯ ಮೇಲಿಟ್ಟಳು.

"ನಮ್ಮನೆ ಹುಡುಗ ಆಡ್ತಾನೆ. ಇದನ್ನ ನಾನು ಊದೋದು ಸರಿಯಲ್ಲ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಬೇರೆ ಇದ್ದವನು ಒಬ್ಬನೇ. ಅವನು ಮಲೇರಿಯಾ ಬಂದು ಆಸ್ಪತ್ರೆಯಲ್ಲಿ ಮಲಗಿದ್ದ. ಕೊನೆಗೆ ಎದುರು ತಂಡದ ನಾಯಕನೇ ಅಂಗಡಿಗೆ ಬಂದ. ಗ್ಯಾರೇಜಿನಲ್ಲಿ ಕೆಲಸ ಮಾಡುವ ಗಟ್ಟಿ ಆಳು. ಅಸಾಯಿ ಕುಡಿದು, ತುಟಿ ಒರೆಸಿಕೊಂಡು ಹೇಳಿದ: "ದೋನಾ ಜುಯಿಲಾ, ನೀವೇ ಊದಿ. ನಮಗೇನೂ ಭಯ ಇಲ್ಲ. ಭಯ ಇದ್ರೆ ಅದು ನಿಮ್ಮ ಹುಡುಗನಿಗೆ."

ಅವನು ತಮಾಷೆಗೆಂದೇ ಹೇಳಿದ್ದ.

ಆ ದಿನ ಕಟ್ಟೆಗೋಡೆಯುದ್ದಕ್ಕೂ ಜನ. ಕಿರಿನು ಒಂದು ಕಪ್ಪು ಕೊಡೆ ಹಿಡಿದು ಗೋಡೆಯ ಮೇಲೆ ಕೂತಿದ್ದ. ಮೊದಲರ್ಧದಲ್ಲಿ ಒಜಿಯೆಲ್ ಆಡಿದ ಆಟವನ್ನು ನೋಡಿದವರು ಈಗಲೂ ನೆನೆಯುತ್ತಾರೆ. ಒಂದು ಗೋಲು ತಾನು ಹೊಡೆದ, ಇನ್ನೊಂದನ್ನು ಕಣ್ಣೆತ್ತದೆ ಜೊತೆಗಾರನಿಗೆ ಹೊಡೆಸಿದ. ಎರಡನೆಯ ಅರ್ಧದಲ್ಲಿ ಎದುರು ತಂಡದ ಒಬ್ಬ ಎತ್ತರದ ಹುಡುಗ ಅವನ ಬೆನ್ನಿಗೆ ಬಿದ್ದ. ಕಾಲು ತುಳಿದ, ಅಂಗಿ ಎಳೆದ. ಜುಯಿಲಾ ಸೀಟಿ ಊದಿ ಅವನಿಗೆ ಹಳದಿ ಕಾರ್ಡು ತೋರಿಸಿದಳು. ಆಮೇಲೆ ಅವನು ಕಾಲನ್ನು ಬಿಟ್ಟು ಬಾಯಿಗೆ ಕೆಲಸ ಕೊಟ್ಟ. ಒಜಿಯೆಲ್‌ನ ಕಿವಿಯ ಹತ್ತಿರ ಬಗ್ಗಿ ಏನೋ ಪಿಸುಗುಟ್ಟಿದ. ಚೆಂಡು ಮೈದಾನದ ಇನ್ನೊಂದು ತುದಿಯಲ್ಲಿತ್ತು. ಒಜಿಯೆಲ್ ತಿರುಗಿ ಮೊಣಕೈಯಿಂದ ಅವನ ಮುಖಕ್ಕೆ ಅಪ್ಪಳಿಸಿದ.

ಜುಯಿಲಾ ನೋಡಿದಳು. ಓಡಿಬಂದಳು. ಮೂಗಿನಿಂದ ರಕ್ತ ಸುರಿಸುತ್ತ ಹುಡುಗ ಕೆಸರಿನಲ್ಲಿ ಬಿದ್ದಿದ್ದ. ಅವಳು ಜೇಬಿನಿಂದ ಕೆಂಪು ಕಾರ್ಡು ತೆಗೆದು ಮೇಲೆತ್ತಿದಳು.

"ದೊಡ್ಡಮ್ಮಾ," ಅಂದ ಒಜಿಯೆಲ್. "ಅವನು ಅಮ್ಮನ ಬಗ್ಗೆ ಏನಂದ ಕೇಳಿಸ್ಲಿಲ್ವಾ? ಕಯೆನಾದಲ್ಲಿ ಏನು ಕೆಲಸ ಮಾಡ್ತಾಳೆ ಅಂತ..."

"ಕೇಳಿಸ್ಲಿಲ್ಲ. ನಿನ್ನ ಮೊಣಕೈ ಕಾಣಿಸ್ತು."

"ದೊಡ್ಡಮ್ಮ, ಬೆಲೇಮ್‌ನೋರು ನೋಡ್ತಾ ಇದಾರೆ."

"ಅವರು ನೋಡ್ಲಿ. ನೀನು ಹೊರಗೆ ನಡಿ, ನೀರು ಬರ್ತಾ ಇದೆ."

ಅವನು ಹೊರಗೆ ಹೋದ. ಅವನ ತಂಡ ಸೋತಿತು. ಕಿರಿನು ಎದುರು ತಂಡದಿಂದ ಒಬ್ಬನನ್ನೂ ಬೇರೆ ಕೇರಿಯಿಂದ ಒಬ್ಬನನ್ನೂ ಮಾತಾಡಿಸಿ, ಕೊಡೆ ಮಡಚಿಕೊಂಡು ಹೊರಟುಹೋದ.

ಕೇರಿ ಜುಯಿಲಾಳನ್ನು ಸುಮ್ಮನೆ ಬಿಡಲಿಲ್ಲ. ದಿನಾ ಬೆಳಿಗ್ಗೆ ಪಾತ್ರೆ ಹಿಡಿದು ಬರುತ್ತಿದ್ದವರು ಮುಂದಿನ ಬೀದಿಯ ಬಾವುಟ ಹುಡುಕಿಕೊಂಡು ಹೋದರು. ಸೆಯು ಬೆಂವಿಂದು ಅಂಗಡಿಯ ಮುಂದೆ ನಿಂತು, ಒಳಗೆ ಬಾರದೆ, ಬೀದಿಗೆಲ್ಲ ಕೇಳುವಂತೆ ಮಾತಾಡಿದ: "ಸ್ವಂತ ತಂಗಿ ಮಗನ ಅನ್ನಕ್ಕೆ ಕೆಸರು ಎರಚೋ ಹೆಂಗಸು ಬೇರೆಯೋರ ಲೋಟಕ್ಕೆ ಏನು ಹಾಕ್ತಾಳೋ ಯಾರಿಗೆ ಗೊತ್ತು."

"ನೀರು ಹಾಕ್ತೀನಿ," ಅಂದಳು ಜುಯಿಲಾ ಒಳಗಿನಿಂದ. "ನಿನ್ನ ಸಿಗಡಿಗೆ ನೀನು ಉಪ್ಪು ಹಾಕಿ ತೂಕ ಏರಿಸ್ತೀಯಲ್ಲ, ಹಾಗೆ."

ಮಾತಿಗೆ ಮಾತು ಕೊಟ್ಟಳು, ಆದರೆ ಆ ವಾರ ಯಂತ್ರದ ಸದ್ದು ನಿಂತೇ ಇತ್ತು. ಒಜಿಯೆಲ್ ಮನೆ ಬಿಟ್ಟು ಬೆಂವಿಂದುವಿನ ಸಿಗಡಿ ಕೊಟ್ಟಿಗೆಯಲ್ಲಿ ಮಲಗತೊಡಗಿದ್ದ. ದಾರಿಯಲ್ಲಿ ಎದುರಾದರೆ ರಸ್ತೆ ದಾಟುತ್ತಿದ್ದ. ಅವಳು ತಂಗಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದಳು.

"ಆ ಎದುರು ತಂಡದ ಹುಡುಗ ಏನಂದನಂತೆ ನನ್ನ ಬಗ್ಗೆ?" ಮರ್ಲೂಸಿಯಾ ಕೇಳಿದಳು.

ಜುಯಿಲಾ ಹೇಳಿದಳು.

"ಅಷ್ಟೇನಾ? ಅಕ್ಕಾ, ಇಲ್ಲಿ ಬಸ್ಸು ಹತ್ತೋವಾಗ ಅದಕ್ಕಿಂತ ಜಾಸ್ತಿ ಅನ್ನಿಸ್ಕೋತೀನಿ. ಆಮೇಲೆ ಹೋಗಿ ಅವರದೇ ಮನೆ ನೆಲ ಒರೆಸ್ತೀನಿ." ಅವಳು ನಕ್ಕಳು, ಆಮೇಲೆ ನಗು ನಿಂತಿತು. "ಅವನು ನನಗೋಸ್ಕರ ಹೊಡೆದ ಅನ್ನೋದು... ಒಂಥರಾ ಚೆನ್ನಾಗೂ ಇದೆ ಅಕ್ಕಾ. ನೀನು ಕಾರ್ಡು ತೋರಿಸಿದ್ದೂ ಸರಿನೇ. ನನಗೆ ಎರಡೂ ಬೇಕು ಅನ್ಸುತ್ತೆ. ಏನು ಮಾಡ್ಲಿ?"

ಜುಯಿಲಾಳಿಗೂ ಹಾಗೇ ಅನ್ನಿಸಿತ್ತು. ಕಾರ್ಡು ತಪ್ಪು ಎಂದು ಅವಳಿಗೆ ಒಂದು ಕ್ಷಣವೂ ಅನ್ನಿಸಿರಲಿಲ್ಲ. ಆದರೆ ಊಟಕ್ಕೆ ಕೂತರೆ ಎದುರಿನ ಖಾಲಿ ತಟ್ಟೆ ನೋಡಿ ಅನ್ನ ಇಳಿಯುತ್ತಿರಲಿಲ್ಲ. ಕೊನೆಗೆ ಯಂತ್ರಕ್ಕೆ ಬಿಡಿಭಾಗ ತರಬೇಕು ಎಂದು ಪಕ್ಕದ ಮನೆಯವರಿಗೆ ಹೇಳಿ, ಸಾಂತಾನಾ ಬಂದರಿನಿಂದ ಬೆಲೇಮ್‌ಗೆ ಹೋಗುವ ದೋಣಿ ಹತ್ತಿದಳು. ಇಡೀ ಹಗಲು ರಾತ್ರಿಯ ದಾರಿ. ಜೋಲಿ ಕಟ್ಟಿಕೊಂಡು ಮಲಗಿದರೂ ನಿದ್ದೆ ಬರಲಿಲ್ಲ. ಯಾರ ಹತ್ತಿರವೂ ಏನನ್ನೂ ಬೇಡಿ ಅಭ್ಯಾಸವಿಲ್ಲದ ಹೆಂಗಸು. ಹೋಗಿ ಏನು ಹೇಳುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದಳು, ಕೆಡಿಸಿದಳು.

ಕಿರಿನು ಕ್ಲಬ್ಬಿನ ಅಭ್ಯಾಸದ ಮೈದಾನದ ಅಂಚಿನಲ್ಲಿ ಅದೇ ಕೊಡೆಯ ಕೆಳಗೆ ನಿಂತಿದ್ದ.

"ನಾನು ಯಾರು ಗೊತ್ತಾಯ್ತಾ?" ಕೇಳಿದಳು.

"ಗೊತ್ತಾಗದೇ ಇರುತ್ತಾ? ಇಷ್ಟು ವರ್ಷದಲ್ಲಿ ಮನೆ ಹುಡುಗನ್ನೇ ಹೊರಗೆ ಹಾಕಿದ ರೆಫರಿನ ನಾನು ನೋಡಿದ್ದು ಅದೇ ಮೊದಲು. ಬನ್ನಿ ದೋನಾ ಜುಯಿಲಾ, ಕಾಫಿ ಕುಡಿಯೋಣ."

"ಕಾಫಿ ಬೇಡ ಸೆಯು ಕಿರಿನು. ಒಂದು ಮಾತು ಹೇಳೋಕೆ ಬಂದೆ. ನಾನು ತೋರಿಸಿದ ಕಾರ್ಡು ಆವತ್ತಿನ ಆಟಕ್ಕೆ. ಅವನ ಬದುಕಿಗಲ್ಲ. ಅದನ್ನೇ ಕಾರಣ ಮಾಡ್ಕೊಂಡು ನೀವು ಅವನನ್ನ ಬಿಟ್ಟಿದ್ರೆ ತಪ್ಪು ಮಾಡಿದ್ದೀರ."

ಕಿರಿನು ಮುಗುಳ್ನಕ್ಕ. "ಕಾರ್ಡಿಗೂ ನಾನು ಬಿಟ್ಟಿದ್ದಕ್ಕೂ ಸಂಬಂಧ ಇಲ್ಲಮ್ಮ. ಆ ವಯಸ್ಸಲ್ಲಿ ನಮ್ಮಮ್ಮನ್ನ ಯಾರಾದ್ರೂ ಅಂದಿದ್ರೆ ನಾನೂ ಹೊಡೀತಿದ್ದೆ. ಆಮೇಲೆ ಅವನು ಏನು ಮಾಡ್ದ ನೀವು ನೋಡಿದ್ರಾ? ನೀವು ಆಟ ನೋಡ್ತಿದ್ರಿ. ನಾನು ಅವನನ್ನ ನೋಡ್ತಿದ್ದೆ. ಅವನ ಜೊತೆಗಾರರು ಒಬ್ಬ ಕಮ್ಮಿ ಇಟ್ಕೊಂಡು ಏದುಸಿರು ಬಿಟ್ಟು ಆಡ್ತಿದ್ರು. ಇವನು ಗೋಡೆ ಮೇಲೆ ಆಟಕ್ಕೆ ಬೆನ್ನು ಹಾಕಿ ಕೂತ. ಒಂದ್ಸಲನೂ ತಿರುಗಿ ನೋಡ್ಲಿಲ್ಲ. ನಾಲ್ಕು ಕಣ್ಣಿನ ಹುಡುಗ ಅಂತೀರಿ, ಅವರಿಗೋಸ್ಕರ ಒಂದು ಕಣ್ಣನ್ನೂ ಬಿಡ್ಲಿಲ್ಲ. ಅಂಥೋನನ್ನ ಊರು ಬಿಡಿಸಿ ಕರ್ಕೊಂಡು ಬಂದು ಬೆಂಚ್ ಮೇಲೆ ಕೂರಿಸಿದ್ರೆ ಮೂರೇ ತಿಂಗಳಿಗೆ ಕೆಟ್ಟುಹೋಗ್ತಾನೆ. ತುಂಬ ಜನರನ್ನ ಕಂಡಿದ್ದೀನಿ."

ಜುಯಿಲಾ ಹೆಗಲ ಚೀಲ ಕೆಳಗಿಟ್ಟಳು.

"ಅದು ನ್ಯಾಯ," ಅಂದಳು. "ಈಗ ಕಾಫಿ ಕುಡೀಬಹುದು."

ಊರಿಗೆ ಬಂದವಳು ನೇರ ಸಿಗಡಿ ಕೊಟ್ಟಿಗೆಗೆ ಹೋದಳು. ಒಜಿಯೆಲ್ ಚೀಲ ಹೊಲಿಯುತ್ತ ಕೂತಿದ್ದ. ಪಕ್ಕದಲ್ಲಿ ಬೆಂವಿಂದು. ಅವಳು ಕೂರಲಿಲ್ಲ. ಕಿರಿನು ಹೇಳಿದ್ದನ್ನು ಒಂದಕ್ಷರ ಮೆತ್ತಗೆ ಮಾಡದೆ ಹೇಳಿದಳು. ಕೇಳುತ್ತ ಕೇಳುತ್ತ ಹುಡುಗನ ಸೂಜಿ ನಿಂತಿತು. ಬೆಂವಿಂದು ಏನೋ ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ.

"ನನ್ನ ಮೇಲೆ ಸಿಟ್ಟಿದ್ರೆ ಇಟ್ಕೋ," ಅಂದಳು ಅವಳು. "ಆದ್ರೆ ಯಾವುದಕ್ಕೆ ಅಂತ ಸರಿಯಾಗಿ ಗೊತ್ತಿರ್ಲಿ."

ಕೆಂಪು ಕಾರ್ಡು ಸಿಕ್ಕವನು ಮುಂದಿನ ಪಂದ್ಯ ಆಡುವಂತಿಲ್ಲ. ಒಜಿಯೆಲ್ ಆ ಪಂದ್ಯಕ್ಕೆ ಬಂದ. ಗೋಲುಕಂಬದ ಹಿಂದೆ ಸೊಂಟದವರೆಗಿನ ನೀರಿನಲ್ಲಿ ನಿಂತು, ಹೊರಹೋದ ಚೆಂಡನ್ನೆಲ್ಲ ಹೆಕ್ಕಿ ಹೆಕ್ಕಿ ಒಳಗೆ ಎಸೆದ. "ಎಡಕ್ಕೆ ನೋಡೋ, ಎಡಕ್ಕೆ" ಎಂದು ಜೊತೆಗಾರರಿಗೆ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡ. ಅಷ್ಟು ಮಾತು ಅವನ ಬಾಯಿಂದ ಬಂದದ್ದನ್ನು ಕೇರಿ ಕೇಳಿರಲೇ ಇಲ್ಲ. ಆ ಸಂಜೆ ಜುಯಿಲಾ ಒಲೆಯ ಮುಂದಿದ್ದಾಗ ಹಿಂದೆ ಪಾತ್ರೆಯ ಮುಚ್ಚಳ ಎತ್ತಿದ ಸದ್ದಾಯಿತು. ಅವಳು ತಿರುಗಿ ನೋಡಲಿಲ್ಲ.

"ಕೈ ತೊಳ್ಕೊಂಡು ಮುಟ್ಟು," ಅಂದಳಷ್ಟೇ.

ಮರುವರ್ಷ ಕಿರಿನು ಮತ್ತೆ ಬಂದ. ಒಜಿಯೆಲ್ ಬೆಲೇಮ್‌ಗೆ ಹೋದ.

ಹೋದದ್ದು ಸುಲಭ, ನಿಂತದ್ದು ಕಷ್ಟ. ಕೆಸರಿನಲ್ಲಿ ಬರಿಗಾಲಲ್ಲಿ ಬೆಳೆದವನಿಗೆ ಬೂಟಿನೊಳಗೆ ಕಾಲು ಕುರುಡಾದಂತಿತ್ತು. ಹುಲ್ಲಿನ ಮೇಲೆ ಚೆಂಡು ಅವನೆಣಿಸಿದ್ದಕ್ಕಿಂತ ಮುಂದೆ ಓಡುತ್ತಿತ್ತು. ಮೊದಲ ತಿಂಗಳುಗಳಲ್ಲಿ ಜೊತೆಯ ಹುಡುಗರು ಅವನನ್ನು "ಮೊಸಳೆಮರಿ" ಎಂದು ಕರೆದು, ಒಣನೆಲದಲ್ಲಿ ತೆವಳುತ್ತಾನೆ ಎಂದು ನಕ್ಕರು. ಅವನು ಎಲ್ಲರಿಗಿಂತ ಮುಂಚೆ ಮೈದಾನಕ್ಕೆ ಹೋಗಿ, ಒಂದು ಕಾಲಿಗೆ ಮಾತ್ರ ಬೂಟು ಹಾಕಿಕೊಂಡು ಗೋಡೆಗೆ ಚೆಂಡು ಒದೆಯುತ್ತಿದ್ದ. ಬರಿಗಾಲು ಬೂಟುಗಾಲಿಗೆ ಕಲಿಸಲಿ ಎಂದು. ಕಿರಿನು ಅದನ್ನು ದೂರದಿಂದ ನೋಡಿ ಸುಮ್ಮನಿದ್ದ. ವರ್ಷ ತಿರುಗುವುದರೊಳಗೆ ಆ ಹುಡುಗರೇ ಚೆಂಡು ಸಿಕ್ಕರೆ ಮೊದಲು ಅವನೆಲ್ಲಿದ್ದಾನೆ ಎಂದು ಹುಡುಕತೊಡಗಿದರು. ಅವನಿಗೆ ಕೊಟ್ಟರೆ ಅದು ಒಳ್ಳೆಯ ಜಾಗಕ್ಕೆ ವಾಪಸು ಬರುತ್ತದೆ ಎಂದು ಗೊತ್ತಾಗಿತ್ತು.

ಅಲ್ಲಿಂದ ದಕ್ಷಿಣದ ಸಾಂತಾ ಕಟಾರಿನಾದ ಕ್ಲಬ್ಬು ಅವನನ್ನು ಕರೆಸಿಕೊಂಡಿತು. ಅಲ್ಲಿ ಚಳಿ. ಹೊದಿಕೆಯ ಮೇಲೆ ಹೊದಿಕೆ ಹೊದ್ದು ನಡುಗುತ್ತ ದೊಡ್ಡಮ್ಮನಿಗೆ ಫೋನು ಮಾಡುತ್ತಿದ್ದ. ಅಲ್ಲಿ ಅಸಾಯಿಗೆ ಸಕ್ಕರೆ ಬೆರೆಸಿ, ಬಾಳೆಹಣ್ಣು ಹೆಚ್ಚಿ ಹಾಕಿ, ಐಸ್‌ಕ್ರೀಮಿನಂತೆ ತಿನ್ನುತ್ತಾರೆ ಎಂದು ಅವನು ಹೇಳಿದಾಗ ಅವಳು ಯಾರದೋ ಸಾವಿನ ಸುದ್ದಿ ಕೇಳಿದವಳಂತೆ ಕೂತುಬಿಟ್ಟಳು.

"ಮೀನು?" ಅಂದಳು ಕೊನೆಗೆ.

"ಮೀನು ಇಲ್ಲ ದೊಡ್ಡಮ್ಮ. ಮೀನಿನ ಜೊತೆ ಅಂದ್ರೆ ನಗ್ತಾರೆ."

"ನಗ್ಲಿ. ಅವರ ಮೇಲೆ ನಿನಗೆ ಕರುಣೆ ಇರ್ಲಿ."

ಅಂಗಡಿಯಲ್ಲಿ ಅವಳು ಟಿವಿ ತಂದಿಟ್ಟಳು. ಒಜಿಯೆಲ್ ಆಡುವ ಪಂದ್ಯವಿದ್ದ ದಿನ ಕೇರಿಯೆಲ್ಲ ಅಲ್ಲೇ. ಎಲ್ಲರೂ ಹುಡುಗನನ್ನು ನೋಡುತ್ತಿದ್ದರೆ ಅವಳು ರೆಫರಿಯನ್ನು ನೋಡುತ್ತಿದ್ದಳು. "ಈ ಮನುಷ್ಯ ಓಡಲ್ಲ, ದೂರದಿಂದಲೇ ಊದ್ತಾನೆ" ಎಂದು ಗೊಣಗುತ್ತಿದ್ದಳು. ಅವಳನ್ನು ಬೈದು ಹೋಗಿದ್ದ ಬೆಂವಿಂದು ಈಗ ಮುಂದಿನ ಬೆಂಚಿನಲ್ಲಿ ಕೂತು ಪುಕ್ಕಟೆ ಅಸಾಯಿ ಕುಡಿಯುತ್ತ, ತಾನೇ ಆ ಹುಡುಗನಿಗೆ ಚೆಂಡು ಹಿಡಿಸಿದವನು ಎಂದು ಹೊಸಬರಿಗೆ ಹೇಳುತ್ತಿದ್ದ.

ಇಪ್ಪತ್ತು ವರ್ಷದೊಳಗಿನವರ ದೇಶದ ತಂಡಕ್ಕೆ ಅವನು ಸೇರಿದ್ದು ಆ ಮೇಲೆ. ದಕ್ಷಿಣ ಅಮೆರಿಕದ ಟೂರ್ನಿಯಲ್ಲಿ ಉರುಗ್ವೈ ವಿರುದ್ಧದ ಪಂದ್ಯದಲ್ಲಿ ಅವನನ್ನು ಒದ್ದು ಒದ್ದು ಬೀಳಿಸಿದರು. ಬೀಳಿಸಿದವನು ಬಗ್ಗಿ ಅವನ ಕಿವಿಯಲ್ಲಿ ಏನೋ ಹೇಳಿದ್ದು ಟಿವಿಯಲ್ಲಿ ಸ್ಪಷ್ಟವಾಗಿ ಕಂಡಿತು. ಅಂಗಡಿಯಲ್ಲಿ ಬೆಂವಿಂದು ಲೋಟ ಕೆಳಗಿಟ್ಟ. ಒಜಿಯೆಲ್ ಎದ್ದ. ಚಡ್ಡಿಗೆ ಕೈ ಒರೆಸಿಕೊಂಡ. ಫ್ರೀ ಕಿಕ್ಕಿಗೆ ಚೆಂಡು ಇಟ್ಟು, ಅದನ್ನು ಗೋಲಿನ ಮೂಲೆಗೆ ಬಾಗಿಸಿ ಹೊಡೆದ. ಆಮೇಲೆ ಅದೇ ಎದುರಾಳಿಯ ಪಕ್ಕದಿಂದ, ಅವನ ಕಡೆ ನೋಡದೆ, ತನ್ನ ಜಾಗಕ್ಕೆ ನಡೆದ. ಪಂದ್ಯದ ನಂತರ ಮೈಕು ಹಿಡಿದವನೊಬ್ಬ, ಅಷ್ಟು ಕೆಣಕಿದರೂ ಸಿಟ್ಟು ಬರಲಿಲ್ಲವೇ ಎಂದು ಕೇಳಿದ.

"ಬಂತು," ಅಂದ ಒಜಿಯೆಲ್. ಇನ್ನೂ ಏನಾದರೂ ಹೇಳುತ್ತಾನೆ ಎಂದು ಅವನು ಮೈಕು ಹಿಡಿದೇ ಇದ್ದ. ಒಜಿಯೆಲ್ ನೀರು ಕುಡಿದು ಹೊರಟುಹೋದ.

ಪೋರ್ಚುಗಲ್ಲಿನ ಉತ್ತರದ ಊರೊಂದರ ಕ್ಲಬ್ಬು ಅವನನ್ನು ಕೊಂಡಾಗ ಮಕಪಾದಲ್ಲಿ ಪಟಾಕಿ ಹೊಡೆದರು. ಆದರೆ ಅಲ್ಲಿ ಅವನಿಗೆ ಬಹಳ ಕಾಲ ಆಟವೇ ಸಿಗಲಿಲ್ಲ. ಕೋಚು ಅವನ ಮೈ ನೋಡಿ, ಗಾಳಿ ಬಂದರೆ ಹಾರಿಹೋಗುತ್ತಾನೆ ಎಂದನಂತೆ. ವಾರದ ಮೇಲೆ ವಾರ ಬೆಂಚಿನ ಮೇಲೆ ಕೂತ. ಊರಲ್ಲಿ ಟಿವಿಯ ಮುಂದೆ ಕೂರುವವರು ಕಡಿಮೆಯಾದರು. ಒಂದು ದಿನ ಫೋನು ಮಾಡಿದವನ ಧ್ವನಿ ಇಳಿದುಹೋಗಿತ್ತು.

"ದೊಡ್ಡಮ್ಮಾ, ನಾನು ವಾಪಸ್ ಬಂದ್ಬಿಡ್ತೀನಿ."

"ಬಾ. ಯಂತ್ರದ ಬೆಲ್ಟು ಹರಿದಿದೆ, ನನಗೂ ಆಳು ಬೇಕು. ಬೆಳಿಗ್ಗೆ ಬೇಗ ಎದ್ದು ಬಂದರಿಂದ ಹಣ್ಣಿನ ಬುಟ್ಟಿ ಹೊರಬೇಕು, ನೋಡು."

ಅವನಿಗೆ ನಗು ಬಂತು. "ಸಮಾಧಾನ ಮಾಡ್ತೀಯ ಅಂದ್ಕೊಂಡೆ."

"ಸಮಾಧಾನ ನಿಮ್ಮಮ್ಮನ ಇಲಾಖೆ. ಬೆಂಚ್ ಮೇಲೆ ಹೇಗೆ ಕೂರ್ತೀಯ ಹೇಳು."

"ಆಟದ ಕಡೆ ಮುಖ ಮಾಡಿನೇ."

"ಏನು ಕಾಣಿಸ್ತು?"

ಆಗ ಅವನು ಹೇಳತೊಡಗಿದ. ಅಲ್ಲಿನವರು ಚೆಂಡು ಸಿಗುವ ಮೊದಲೇ ಮೈ ತಿರುಗಿಸಿಕೊಂಡಿರುತ್ತಾರೆ, ಎಡಗಡೆಯ ಆಟಗಾರ ಮುಂದೆ ಓಡಿದಾಗ ಹಿಂದೆ ಇಷ್ಟಗಲ ಜಾಗ ಬಿದ್ದಿರುತ್ತದೆ, ಅದು ಯಾರಿಗೂ ಕಾಣುವುದಿಲ್ಲ ಎಂದು. ಗಂಟೆಗಟ್ಟಲೆ ಹೇಳಿದ. ಅವಳು ಹಣ್ಣು ಆರಿಸುತ್ತ ಕೇಳಿದಳು. ಅವನು ವಾಪಸು ಬರಲಿಲ್ಲ. ಎರಡು ಜನಕ್ಕೆ ಗಾಯವಾಗಿ ಬೇರೆ ದಾರಿಯಿಲ್ಲದೆ ಕೋಚು ಅವನನ್ನು ಇಳಿಸಿದ ದಿನ, ಚೆಂಡು ಸಿಕ್ಕಾಗಲೆಲ್ಲ ಆ ಖಾಲಿ ಜಾಗಕ್ಕೇ ಕಳಿಸಿದ. ಜೊತೆಯವರು ಮೊದಲು ತಬ್ಬಿಬ್ಬಾದರು, ಆಮೇಲೆ ಅಲ್ಲಿಗೇ ಓಡತೊಡಗಿದರು. ಆ ಋತು ಮುಗಿಯುವ ಹೊತ್ತಿಗೆ ಅವನಿಲ್ಲದೆ ಆ ತಂಡ ಆಡಿದ್ದೇ ಇಲ್ಲ. ಗಾಳಿಯ ಮಾತಾಡಿದ ಕೋಚೇ ಅವನಿಗೆ ಹತ್ತನೆಯ ನಂಬರಿನ ಅಂಗಿ ಕೊಟ್ಟ.

ದೇಶದ ದೊಡ್ಡ ತಂಡಕ್ಕೆ ಕರೆ ಬಂದ ದಿನ ಅವನು ಮೊದಲು ಫೋನು ಮಾಡಿದ್ದು ಅಂಗಡಿಗೆ. ಯಂತ್ರ ಗರಗರ ತಿರುಗುತ್ತಿತ್ತು.

"ದೊಡ್ಡಮ್ಮಾ, ಕರೆದಿದಾರೆ."

"ಏನು? ಅರ್ಧ ಲೀಟರಾ?"

"ತಂಡಕ್ಕೆ ಕರೆದಿದಾರೆ. ದೇಶದ ತಂಡಕ್ಕೆ."

"ಗಟ್ಟೀದು ಬೇಕಾ ತೆಳ್ಳಗಿಂದಾ? ಜೋರಾಗಿ ಹೇಳಪ್ಪ."

ಪಕ್ಕದಲ್ಲಿದ್ದ ಬೆಂವಿಂದು ಫೋನು ಕಿತ್ತುಕೊಂಡು ಕೇಳಿ, ಏನೂ ಹೇಳದೆ ಯಂತ್ರದ ಸ್ವಿಚ್ಚು ಆರಿಸಿದ. ಅವನು ಮಾತಿಲ್ಲದೆ ನಿಂತದ್ದನ್ನು ನೋಡಿ ಜುಯಿಲಾ ಯಾರೋ ಸತ್ತರು ಎಂದುಕೊಂಡಳು. ವಿಷಯ ತಿಳಿದ ಮೇಲೆ ನೇರಳೆ ಕೈಯಲ್ಲೇ ಮುಖ ಮುಚ್ಚಿಕೊಂಡಳು. ಅವತ್ತಿಡೀ ದಿನ ಆ ಬಣ್ಣದ ಮುಖದಲ್ಲೇ ಗಿರಾಕಿಗಳಿಗೆ ಅಸಾಯಿ ಕೊಟ್ಟಳು.

ಆ ವರ್ಷ ವಿಶ್ವಕಪ್ಪಿನ ಅರ್ಹತೆಗಾಗಿ ಪರಾಗ್ವೈ ಜೊತೆಗಿನ ಪಂದ್ಯ ಬೆಲೇಮ್‌ನಲ್ಲಿ ಎಂದು ಗೊತ್ತಾಯಿತು. ಮರ್ಲೂಸಿಯಾ ಕಯೆನಾದಿಂದ ಬಂದಳು. ಜುಯಿಲಾ, ಮರ್ಲೂಸಿಯಾ, ಬೆಂವಿಂದು ಮೂವರೂ ಜೋಲಿ ಕಟ್ಟಿಕೊಂಡು ದೋಣಿಯಲ್ಲಿ ಹೋದರು. ಒಜಿಯೆಲ್ ವಿಮಾನದ ಟಿಕೆಟು ಕಳಿಸುತ್ತೇನೆ ಎಂದಿದ್ದ. ಬೆಂವಿಂದುವಿಗೆ ವಿಮಾನವೆಂದರೆ ಭಯ, ಆದರೆ ಅದು ಜುಯಿಲಾಳ ಭಯ ಎಂದು ಎಲ್ಲರಿಗೂ ಹೇಳಿದ.

ಮರ್ಲೂಸಿಯಾ ಮಗನ ಆಟವನ್ನು ಫೋನಿನ ಪರದೆಯಲ್ಲಿ ಬಿಟ್ಟು ಎಂದೂ ನೋಡಿರಲಿಲ್ಲ. ಆಟಗಾರರು ಹಳದಿ ಅಂಗಿಯಲ್ಲಿ ಸಾಲಾಗಿ ಬಂದಾಗ ಅಕ್ಕನ ತೋಳು ಹಿಡಿದುಕೊಂಡಳು. "ಯಾವುದು ಅಕ್ಕಾ ನಮ್ಮೋನು? ಎಲ್ಲ ಒಂದೇ ಥರ ಕಾಣ್ತಾರೆ."

"ಇನ್ನೂ ಒಳಗಿಲ್ಲ. ಆ ಬೆಂಚ್ ನೋಡು. ಮುಂದೆ ಬಗ್ಗಿ ಕೂತಿದಾನಲ್ಲ, ಅವನು."

ಅವನು ಇಳಿದದ್ದು ಎರಡನೆಯ ಅರ್ಧದಲ್ಲಿ. ಊರಿನ ಕಡೆಯ ಹುಡುಗ ಎಂದು ಇಡೀ ಕ್ರೀಡಾಂಗಣ ಎದ್ದು ನಿಂತಿತು. ಮರ್ಲೂಸಿಯಾಳಿಗೆ ಕಣ್ಣೀರಿನಲ್ಲಿ ಏನೂ ಕಾಣದೆ, "ಈಗ ಏನು ಮಾಡ್ತಿದಾನೆ, ಈಗ?" ಎಂದು ಕೇಳುತ್ತಲೇ ಇದ್ದಳು. ಜುಯಿಲಾ ಹೇಳುತ್ತಲೇ ಇದ್ದಳು. ಸ್ವಲ್ಪ ಹೊತ್ತಿಗೆ ಅವನು ಚೆಂಡಿನೊಂದಿಗೆ ಗೋಲಿನ ಮುಂದಿನ ಚೌಕಕ್ಕೆ ನುಗ್ಗಿದ, ಇಬ್ಬರ ನಡುವೆ ಬಿದ್ದ. ಜನ ಪೆನಾಲ್ಟಿ ಎಂದು ಕೂಗಿದರು. ರೆಫರಿ ಆಟ ಮುಂದುವರಿಸಿ ಎಂದು ಕೈಬೀಸಿದ. ಅವನ ವಂಶದ ಹೆಂಗಸರಿಗೆಲ್ಲ ಬೈಗುಳದ ಮಳೆಯಾಯಿತು.

"ಅದು ಪೆನಾಲ್ಟಿ ಅಲ್ಲ," ಅಂದಳು ಜುಯಿಲಾ. "ಕಾಲು ತಾನೇ ಜಾರಿತು. ರೆಫರಿ ಹತ್ತಿರಾನೇ ಇದ್ದ, ಸರಿಯಾಗೇ ನೋಡಿದಾನೆ."

ಮುಂದಿನ ಸಾಲಿನ ದಪ್ಪ ಮನುಷ್ಯ ತಿರುಗಿದ. "ಏನಮ್ಮಾ, ನೀನು ಪರಾಗ್ವೈಯವಳಾ?"

"ಮಕಪಾದವಳು. ಬಿದ್ದೋನನ್ನ ಸಾಕಿದವಳು ನಾನೇ."

ಮನುಷ್ಯ ಬೆಂವಿಂದುವಿನ ಕಡೆ ನೋಡಿದ. ಬೆಂವಿಂದು ಟೋಪಿಯನ್ನು ಮೂಗಿನ ತನಕ ಎಳೆದುಕೊಂಡು, ಈ ಹೆಂಗಸು ಯಾರೋ ತನಗೆ ಗೊತ್ತಿಲ್ಲ ಎಂಬಂತೆ ಕೂತ.

ಆಟ ಮುಗಿಯುತ್ತ ಬಂದಾಗ ಒಜಿಯೆಲ್ ನಡುಭಾಗದಲ್ಲಿ ಚೆಂಡು ಹಿಡಿದ. ತಲೆ ತಗ್ಗಿಸಿದ್ದ. ಇಬ್ಬರು ಅವನ ಮೇಲೆ ಬಂದರು. ಅವನು ಹಿಮ್ಮಡಿಯಿಂದ ಚೆಂಡನ್ನು ಯಾರೂ ಇಲ್ಲದ ಬಲಗಡೆಗೆ ತಳ್ಳಿದ. ತಳ್ಳಿದ ಮೇಲೆ ಅಲ್ಲೊಬ್ಬ ಜೊತೆಗಾರ ಬಂದ. ಗೋಲಾಯಿತು. ಜುಯಿಲಾ ಎದ್ದು ನಿಂತಿದ್ದಳು. ಇಷ್ಟು ವರ್ಷ ಅವನು ಹೊಡೆದ ಗೋಲಿಗೆಲ್ಲ ಬೆನ್ನು ತಿರುಗಿಸಿದವಳು ಈ ಸಲ ತಿರುಗಲಿಲ್ಲ. ತಂಗಿಯನ್ನು ತಬ್ಬಿಕೊಂಡು ಮಗುವಿನಂತೆ ಕುಣಿದಳು. ಮುಂದಿನ ಸಾಲಿನ ದಪ್ಪ ಮನುಷ್ಯನನ್ನೂ ತಬ್ಬಿಕೊಂಡಳು.

ಪಂದ್ಯದ ನಂತರ ತಂಡ ಇಳಿದುಕೊಂಡಿದ್ದ ಹೋಟೆಲಿನ ಕೆಳಗಿನ ಕೋಣೆಯಲ್ಲಿ ಅವನು ಅವರನ್ನು ಕಂಡ. ತಾಯಿ ಅವನ ಮುಖ, ಹೆಗಲು, ಕೈ ಎಲ್ಲವನ್ನೂ ಮುಟ್ಟಿ ನೋಡಿದಳು. ಅವನು ಅವಳಿಗಿಂತ ಎಷ್ಟೋ ಎತ್ತರವಾಗಿದ್ದ. ಬಗ್ಗಿ ಅವಳ ಹೆಗಲ ಮೇಲೆ ಗಲ್ಲವಿಟ್ಟುಕೊಂಡು ಬಹಳ ಹೊತ್ತು ಹಾಗೇ ನಿಂತ.

"ಅಮ್ಮಾ, ಇನ್ನು ಆ ಊರಿಗೆ ಹೋಗ್ಬೇಡ," ಅಂದ.

"ಹೋಗಿ ಹೇಳಿ ಬರ್ತೀನಿ. ಹೇಳ್ದೆ ಬಿಟ್ಟು ಬರೋಕಾಗುತ್ತಾ? ಆ ಮನೆ ಮುದುಕಿಗೆ ನಾನಿಲ್ಲದೆ ಔಷಧಿ ಯಾವುದು ಅಂತ ಗೊತ್ತಾಗಲ್ಲ."

ಆಮೇಲೆ ಅವನು ದೊಡ್ಡಮ್ಮನ ಕಡೆ ತಿರುಗಿದ. "ಆ ಪೆನಾಲ್ಟಿ..."

"ನೀನೇ ಹೇಳು."

"ಜಾರಿದೆ," ಅಂದ. "ಬಿದ್ದ ಮೇಲೆ ರೆಫರಿ ಮುಖ ನೋಡಿದೆ ದೊಡ್ಡಮ್ಮ. ಅವನು ನನ್ನ ನೋಡಿದ. ಇಬ್ಬರಿಗೂ ಗೊತ್ತಾಯ್ತು. ಎದ್ದು ಓಡಿದೆ."

ಜುಯಿಲಾ ಕೈ ಎತ್ತಿ ಅವನ ಕೆನ್ನೆ ತಟ್ಟಿದಳು. "ಚೆನ್ನಾಗಿ ಆಡ್ದೆ," ಅಂದಳು. ಅವಳ ಬಾಯಿಂದ ಆ ಮಾತು ಅವನು ಮೊದಲ ಸಲ ಕೇಳಿದ್ದು. ಅವನು ತನ್ನ ಬೂಟಿನ ಕಡೆ ನೋಡಿದ.

ವಾಪಸು ಬರುವ ದೋಣಿಯಲ್ಲಿ ಸುದ್ದಿ ಹೇಗೋ ಹಬ್ಬಿತು. ಮಧ್ಯಾಹ್ನದ ಊಟದ ಹೊತ್ತಿಗೆ ಬೆಂವಿಂದುವಿನ ಜೋಲಿಯ ಸುತ್ತ ಜನ ಸೇರಿದ್ದರು. ಅವನು ಕೈ ಆಡಿಸಿಕೊಂಡು ಹೇಳುತ್ತಿದ್ದ: ಆ ಹುಡುಗನನ್ನು ಸೆಯು ಕಿರಿನುವಿಗೆ ತೋರಿಸಿದ್ದೇ ತಾನು, ಬೆಲೇಮ್ ತನಕ ಹೋಗಿ ಅವನ ಹತ್ತಿರ ಮಾತಾಡಿ ಬಂದವನೂ ತಾನು, ಆಗ ಈ ದೋಣಿಗಿಂತ ಸಣ್ಣ ದೋಣಿ, ಅಲೆಗಳೋ ಮನೆಯೆತ್ತರ. ಮರ್ಲೂಸಿಯಾ ಅಕ್ಕನ ಮುಖ ನೋಡಿದಳು.

"ಏನಕ್ಕಾ, ಸುಮ್ಮನೆ ಕೇಳ್ಕೊಂಡು ಕೂತಿದ್ದೀಯ?"

"ಚೆನ್ನಾಗಿ ಹೇಳ್ತಿದಾನೆ, ಹೇಳ್ಲಿ ಬಿಡು," ಅಂದಳು ಜುಯಿಲಾ, ಮತ್ತು ತಂಗಿಯ ತಟ್ಟೆಗೆ ಇನ್ನೊಂದು ತುಂಡು ಮೀನು ಹಾಕಿದಳು.